ರತ್ನಗಂಬಳಿ ಶುಚಿಗೊಳಿಸುವ ವೃತ್ತಿಯಲ್ಲಿ ಗ್ರಾಹಕರ ಪೀಠೋಪಕರಣಗಳು: ಹೊಣೆ, ವೆಚ್ಚ ಮತ್ತು ದಾಖಲೆ

ಕೆಲವು ವರ್ಷಗಳ ಹಿಂದೆ, ಮಾರ್ಚ್ ಅಂತ್ಯದ ಲೆಕ್ಕಪತ್ರಗಳನ್ನು ಅಂತಿಮಗೊಳಿಸುವ ಸಂದರ್ಭದಲ್ಲಿ, ನನ್ನ ಕಕ್ಷಿದಾರರೊಬ್ಬರ ಖಾತೆಯಲ್ಲಿ 'ಇತರೆ ವೆಚ್ಚ' ಎಂಬ ತಲೆಬರಹದಡಿ 18,500 ರೂಪಾಯಿಗಳ ಒಂದು ನಮೂದು ಕಣ್ಣಿಗೆ ಬಿದ್ದಿತು. ವೋಚರು ಇರಲಿಲ್ಲ, ರಸೀದಿಯೂ ಇರಲಿಲ್ಲ. ಅವರು ಮನೆ ಹಾಗೂ ಕಚೇರಿಗಳ ರತ್ನಗಂಬಳಿ ಮತ್ತು ಸೋಫಾಗಳನ್ನು ಶುಚಿಗೊಳಿಸುವ ಸಣ್ಣ ಉದ್ಯಮ ನಡೆಸುವವರು. ನಾಲ್ವರು ನೌಕರರು, ಎರಡು ಯಂತ್ರಗಳು, ಒಂದು ವ್ಯಾನು. ವಿಚಾರಿಸಿದಾಗ ತಿಳಿದ ಸಂಗತಿ ಇಷ್ಟು. ಒಂದು ಮನೆಯ ನಡುಮನೆಯ ರತ್ನಗಂಬಳಿಯನ್ನು ತೊಳೆದು, ಅದು ಒದ್ದೆಯಾಗಿರುವಾಗಲೇ ಕಬ್ಬಿಣದ ಕಾಲುಗಳ ಟಿ.ವಿ. ಸ್ಟ್ಯಾಂಡನ್ನು ಮೊದಲಿದ್ದ ಸ್ಥಳದಲ್ಲಿಯೇ ಇಟ್ಟು ಬಂದಿದ್ದರು. ಎರಡು ದಿನಗಳಲ್ಲಿ ತುಕ್ಕಿನ ನಾಲ್ಕು ಕಲೆಗಳು ಮೂಡಿದವು. ಅದರ ಜೊತೆಗೆ, ಮೈಸೂರು ಕೆತ್ತನೆಯ ಹಳೆಯ ಬೀಟೆ ಮರದ ಪುಟ್ಟ ಮೇಜಿನ ಅಂಚಿನಲ್ಲಿ ಕೂರಿಸಿದ್ದ ಚಿತ್ತಾರದ ಒಂದು ತುಣುಕು ಕಾಣೆಯಾಗಿದೆಯೆಂದು ಮನೆಯವರು ದೂರಿದರು. ಅದು ಮೊದಲೇ ಕಿತ್ತುಹೋಗಿತ್ತೆಂದು ಕೆಲಸಗಾರ ಹೇಳಿದ. ಇಬ್ಬರ ಮಾತಿಗೂ ಆಧಾರವಿರಲಿಲ್ಲ. ಹೆಸರು ಕೆಡಬಾರದೆಂದು ನನ್ನ ಕಕ್ಷಿದಾರರು ಹಣ ಕೊಟ್ಟು ಕೈತೊಳೆದುಕೊಂಡರು. ಆ ಕೆಲಸದ ಬಿಲ್ಲು ಕೇವಲ 2,400 ರೂಪಾಯಿ. ಅದನ್ನೂ ಅವರು ಬಿಟ್ಟುಕೊಟ್ಟಿದ್ದರು.

ಈ ಘಟನೆಯಲ್ಲಿ ಶುಚಿಕಾರ್ಯದ ದೋಷ ಯಾವುದೂ ಇರಲಿಲ್ಲವೆಂಬುದನ್ನು ವಾಚಕರು ಗಮನಿಸಬೇಕು. ಕೊಳೆ ಹೋಗಿತ್ತು, ಬಣ್ಣ ಉಳಿದಿತ್ತು. ನಷ್ಟ ಬಂದದ್ದು ಬಿಲ್ಲಿನಲ್ಲಿ ಹೆಸರೇ ಇಲ್ಲದ ಕೆಲಸದಿಂದ, ಅಂದರೆ ಪೀಠೋಪಕರಣಗಳನ್ನು ಎತ್ತಿಡುವ ಕೆಲಸದಿಂದ. ಬಣ್ಣ ಬಳಿಯುವವರು, ವಿದ್ಯುತ್ ಕೆಲಸದವರು, ಕೀಟನಿಯಂತ್ರಣದವರು, ಹವಾನಿಯಂತ್ರಣ ಯಂತ್ರ ದುರಸ್ತಿ ಮಾಡುವವರು, ಹೀಗೆ ಗ್ರಾಹಕರ ಮನೆಯೊಳಗೆ ಕಾಲಿಟ್ಟು ಕೆಲಸ ಮಾಡುವ ಎಲ್ಲ ಉದ್ಯಮಿಗಳಿಗೂ ಈ ಪ್ರಶ್ನೆ ಅನ್ವಯಿಸುತ್ತದೆ. ಆದುದರಿಂದ ವಿಷಯವನ್ನು ವೆಚ್ಚ, ಕಾರ್ಯವಿಧಾನ, ಕಾನೂನು, ವಿಮೆ ಮತ್ತು ಲೆಕ್ಕಪತ್ರ ಎಂಬ ಕ್ರಮದಲ್ಲಿ ಪರಿಶೀಲಿಸೋಣ.

1. ಮೊದಲು ವೆಚ್ಚದ ಲೆಕ್ಕ

ಮೇಲಿನ ಕೆಲಸದ ವೆಚ್ಚವನ್ನು ನಾವಿಬ್ಬರೂ ಕುಳಿತು ಬಿಡಿಸಿ ಬರೆದೆವು. ಇಬ್ಬರು ನೌಕರರ ಅರ್ಧ ದಿನದ ಕೂಲಿ 800 ರೂ., ಸಾಗಣೆ 300 ರೂ., ಶುಚಿದ್ರಾವಣ ಮತ್ತು ಇತರ ಸಾಮಗ್ರಿ 180 ರೂ., ಯಂತ್ರದ ಸವಕಳಿ ಮತ್ತು ದುರಸ್ತಿಯ ಪಾಲು 250 ರೂ., ಕಚೇರಿ, ದೂರವಾಣಿ ಹಾಗೂ ಮೇಲ್ವಿಚಾರಣೆಯ ಪಾಲು 500 ರೂ. ಒಟ್ಟು 2,030 ರೂ. ತೆರಿಗೆಯನ್ನು ಹೊರತುಪಡಿಸಿದ ಬಿಲ್ಲು 2,400 ರೂ. ಆದುದರಿಂದ ಒಂದು ಕೆಲಸದಲ್ಲಿ ಉಳಿಯುವ ಲಾಭ 370 ರೂ. ಹದಿನೆಂಟೂವರೆ ಸಾವಿರವನ್ನು 370ರಿಂದ ಭಾಗಿಸಿದರೆ ಬರುವುದು 50. ಎಂದರೆ, ಒಂದು ಮಧ್ಯಾಹ್ನದ ಅಜಾಗರೂಕತೆಯನ್ನು ತುಂಬಿಕೊಳ್ಳಲು ಐವತ್ತು ಮನೆಗಳ ರತ್ನಗಂಬಳಿಯನ್ನು ಲಾಭವಿಲ್ಲದೆ ತೊಳೆಯಬೇಕಾಯಿತು. ಬಿಟ್ಟುಕೊಟ್ಟ ಬಿಲ್ಲು ಈ ಲೆಕ್ಕದಲ್ಲಿ ಸೇರಿಲ್ಲ.

ಇನ್ನೊಂದು ಲೆಕ್ಕವೂ ಉಂಟು. ನನ್ನ ಸಲಹೆಯಂತೆ ಅವರು ಕೆಲವು ಮನೆಗಳಲ್ಲಿ ಗಡಿಯಾರ ಹಿಡಿದು ಸಮಯವನ್ನು ಅಳೆದರು. ನಾಲ್ಕು ಗಂಟೆಯ ಕೆಲಸದಲ್ಲಿ ಸಾಮಾನು ತೆರವುಗೊಳಿಸಲು ಮತ್ತು ಮರಳಿ ಇಡಲು ಸುಮಾರು 1 ಗಂಟೆ 20 ನಿಮಿಷ, ಅಂದರೆ ಮೂರನೆಯ ಒಂದು ಭಾಗ ವ್ಯಯವಾಗುತ್ತಿತ್ತು. ಕೂಲಿಯ ಲೆಕ್ಕದಲ್ಲಿಯೇ ಅದು ಸುಮಾರು 267 ರೂಪಾಯಿ. ಚದರಡಿಗೆ ಇಷ್ಟು ಎಂದು ದರ ಹೇಳುವ ಪದ್ಧತಿಯಲ್ಲಿ ಬರಿದಾದ ಕೋಣೆಗೂ, ಸಾಮಾನು ತುಂಬಿದ ಕೋಣೆಗೂ ಒಂದೇ ದರ ಬೀಳುತ್ತದೆ. ಹೀಗೆ ಉದ್ಯಮಿಯು ತನ್ನ ಅತ್ಯಂತ ಅಪಾಯಕರವಾದ ಕೆಲಸವನ್ನು ಉಚಿತವಾಗಿ ಮಾಡುತ್ತಿರುತ್ತಾನೆ. ಉಚಿತವೆಂಬ ಕಾರಣಕ್ಕೆ ಅವಸರದಿಂದಲೂ ಮಾಡುತ್ತಾನೆ.

ಪರಿಹಾರ ಸರಳವಾದುದು. ದರಪಟ್ಟಿಯಲ್ಲಿ ಎರಡು ದರಗಳಿರಲಿ: ಗ್ರಾಹಕರೇ ತೆರವು ಮಾಡಿಕೊಟ್ಟ ಕೋಣೆಗೆ ಒಂದು, ನಾವು ತೆರವು ಮಾಡಬೇಕಾದ ಕೋಣೆಗೆ ಇನ್ನೊಂದು. ಗ್ರಾಹಕರಲ್ಲಿ ಅನೇಕರು ಕುರ್ಚಿ, ಟೀಪಾಯಿ, ಅಲಂಕಾರದ ವಸ್ತುಗಳನ್ನು ತಾವೇ ಎತ್ತಿಡಲು ಸಿದ್ಧರಿರುತ್ತಾರೆ. ಯಾರೂ ಹೇಳದ ಕಾರಣ ಸುಮ್ಮನಿರುತ್ತಾರೆ. ವೃದ್ಧರು, ಅಸ್ವಸ್ಥರು ಇರುವ ಮನೆಗಳಲ್ಲಿ ಶುಲ್ಕ ಪಡೆದು ನಾವೇ ಮಾಡುವುದು ಯೋಗ್ಯ.

2. ವಸ್ತುಗಳ ವರ್ಗೀಕರಣ

ಕೆಲಸ ಒಪ್ಪಿಕೊಳ್ಳುವ ಮೊದಲೇ ಪೀಠೋಪಕರಣಗಳನ್ನು ಮೂರು ವರ್ಗಗಳಾಗಿ ವಿಂಗಡಿಸಿ ಗ್ರಾಹಕರಿಗೆ ತಿಳಿಸತಕ್ಕದ್ದು.

(ಅ) ನಾವು ಸರಿಸುವ ವಸ್ತುಗಳು: ಕುರ್ಚಿ, ಸೋಫಾ, ಟೀಪಾಯಿ, ಚಿಕ್ಕ ಮೇಜು, ಸ್ಟೂಲು.

(ಆ) ಗ್ರಾಹಕರು ಖಾಲಿ ಮಾಡಿಕೊಟ್ಟ ಬಳಿಕ ಮಾತ್ರ ಸರಿಸುವ ವಸ್ತುಗಳು: ಪುಸ್ತಕದ ಕಪಾಟು, ಉಕ್ಕಿನ ಬೀರು, ಷೋಕೇಸು, ಡ್ರೆಸ್ಸಿಂಗ್ ಟೇಬಲ್, ಮಂಚ. ಬೀರುವಿನೊಳಗಿನ ಒಡವೆ, ಹಣ ಅಥವಾ ಕಾಗದಪತ್ರಗಳನ್ನು ನಮ್ಮ ನೌಕರರು ಯಾವ ಕಾರಣಕ್ಕೂ ಮುಟ್ಟಬಾರದು.

(ಇ) ನಾವು ಸರಿಸದೆ ಇರುವ ವಸ್ತುಗಳು: ಮೀನಿನ ತೊಟ್ಟಿ, ಪಿಯಾನೊ, ವೀಣೆ ಮೊದಲಾದ ವಾದ್ಯಗಳು, ದೇವರ ಮಂಟಪ, ತಂತಿ ಜೋಡಣೆಯಿರುವ ಟಿ.ವಿ. ಮತ್ತು ಕಂಪ್ಯೂಟರ್, ತಿಜೋರಿ, ಲೋಲಕದ ಗಡಿಯಾರ, ಗೋಡೆಗೆ ಮೊಳೆ ಹೊಡೆದು ನಿಲ್ಲಿಸಿದ ಕಪಾಟು.

ಮೀನಿನ ತೊಟ್ಟಿಯನ್ನೇಕೆ ಮುಟ್ಟಬಾರದೆಂಬುದಕ್ಕೆ ಒಂದು ಲೆಕ್ಕ ಸಾಕು. ಮೂರು ಅಡಿ ಉದ್ದ, ಒಂದು ಅಡಿ ಅಗಲ, ಒಂದೂವರೆ ಅಡಿ ಎತ್ತರದ ತೊಟ್ಟಿ ತುಂಬಿದಾಗ ಸುಮಾರು 127 ಲೀಟರು ನೀರು ಹಿಡಿಯುತ್ತದೆ; ನೀರಿನ ತೂಕವೇ ಸುಮಾರು 127 ಕಿಲೋ. ಎತ್ತುವಾಗ ಗಾಜು ಸ್ವಲ್ಪ ತಿರುಚಿದರೂ ಅಂಟಿನ ಜೋಡಣೆ ಬಿಡುತ್ತದೆ. ಇಂತಹ ವಸ್ತುಗಳ ಸುತ್ತ ಮಾತ್ರ ಶುಚಿ ಮಾಡಿ, ಅಡಿಯ ಜಾಗವನ್ನು ಅಳತೆಯಿಂದ ಕಳೆಯುವುದಾಗಿ ಮೊದಲೇ ಬರೆದುಕೊಡಬೇಕು. 'ಹೇಗಾದರೂ ಸರಿಸಿಬಿಡಿ' ಎಂದು ಗ್ರಾಹಕರು ಒತ್ತಾಯಿಸಿದಾಗ ನೌಕರನು ಸಂಕೋಚಕ್ಕೆ ಒಳಗಾಗದಿರಲು ಈ ಪಟ್ಟಿಯೇ ಅವನಿಗೆ ಆಸರೆ.

3. ಕಾರ್ಯವಿಧಾನ

ಮೊದಲಿಗೆ, ಕೋಣೆಯನ್ನು ಮುಟ್ಟುವ ಮುಂಚೆ ನಾಲ್ಕೂ ಮೂಲೆಗಳಿಂದ ಮೊಬೈಲಿನಲ್ಲಿ ಛಾಯಾಚಿತ್ರ ತೆಗೆಯಬೇಕು. ಇದರಿಂದ ಎರಡು ಪ್ರಯೋಜನ: ವಸ್ತುಗಳ ಸ್ಥಿತಿ ದಾಖಲಾಗುತ್ತದೆ, ಮರಳಿ ಇಡುವಾಗ ಯಾವುದು ಎಲ್ಲಿತ್ತೆಂಬ ಗೊಂದಲ ಉಳಿಯುವುದಿಲ್ಲ. ಸಡಿಲವಾದ ಕಾಲು, ಒಡಕು, ಗೀರು, ಕಿತ್ತ ಲ್ಯಾಮಿನೇಟು ಇವುಗಳನ್ನು ಹತ್ತಿರದಿಂದ ತೆಗೆದು ಗ್ರಾಹಕರಿಗೆ ತೋರಿಸಬೇಕು.

ಎರಡನೆಯದಾಗಿ, ಎಳೆಯುವುದನ್ನು ನಿಲ್ಲಿಸಿ ಎತ್ತುವುದನ್ನು ಅಭ್ಯಾಸ ಮಾಡಿಸಬೇಕು. ಕುರ್ಚಿಯನ್ನು ಕೂರುವ ಭಾಗದ ಚೌಕಟ್ಟಿನಿಂದ ಎತ್ತಬೇಕು, ಬೆನ್ನು ಅಥವಾ ಕೈಗಳಿಂದ ಅಲ್ಲ. ಡ್ರಾಯರುಗಳನ್ನು ಹೊರತೆಗೆದ ಮೇಲೆಯೇ ಮೇಜನ್ನು ಎತ್ತಬೇಕು. ಗಾಜಿನ ಹಾಸನ್ನೂ ಅಮೃತಶಿಲೆಯ ಹಾಸನ್ನೂ ಬೇರ್ಪಡಿಸಿ, ಅಂಚಿನ ಮೇಲೆ ನೇರವಾಗಿ ನಿಲ್ಲಿಸಿಕೊಂಡು ಒಯ್ಯಬೇಕು. ಅಡ್ಡಲಾಗಿ ಹಿಡಿದರೆ ಕಲ್ಲು ತನ್ನ ಭಾರಕ್ಕೆ ತಾನೇ ಮುರಿಯಬಹುದು. ಇತ್ತೀಚಿನ ಪಾರ್ಟಿಕಲ್ ಬೋರ್ಡ್ ಪೀಠೋಪಕರಣಗಳಲ್ಲಿ ವಿಶೇಷ ಎಚ್ಚರ ಅಗತ್ಯ. ಇವುಗಳನ್ನು ಹಲಗೆಯೊಳಗೆ ಕೂರಿಸಿದ ಸಣ್ಣ ತಿರುಪು ಜೋಡಣೆಗಳು ಹಿಡಿದಿಟ್ಟಿರುತ್ತವೆ. ಪಕ್ಕಕ್ಕೆ ಎಳೆದೊಡನೆ ಪುಡಿಹಲಗೆಯಿಂದ ತಿರುಪು ಕಿತ್ತುಬರುತ್ತದೆ, ಮತ್ತೆ ಕೂರುವುದಿಲ್ಲ. ಬುಡಕ್ಕೆ ನೀರು ತಗುಲಿದರೆ ಹಲಗೆ ಉಬ್ಬುತ್ತದೆ, ಒಣಗಿದರೂ ಇಳಿಯುವುದಿಲ್ಲ. ಹಳೆಯ ತೇಗದ ಮೇಜು ಸಹಿಸುವ ಒರಟುತನವನ್ನು ಹೊಸ ಮೇಜು ಸಹಿಸದು.

ಮೂರನೆಯದಾಗಿ, ಕೋಣೆಯ ಅರ್ಧವನ್ನು ತೆರವು ಮಾಡಿ, ಶುಚಿಗೊಳಿಸಿ, ಬಳಿಕ ಇನ್ನರ್ಧಕ್ಕೆ ಹೋಗುವುದು ಉತ್ತಮ. ಸಾಮಾನುಗಳನ್ನು ಪಡಸಾಲೆ, ಮೆಟ್ಟಿಲು, ಬಾಲ್ಕನಿಗಳಿಗೆ ಸಾಗಿಸಿದಷ್ಟೂ ಬಾಗಿಲ ಚೌಕಟ್ಟಿಗೆ, ಗೋಡೆಗೆ ತಗುಲುವ ಸಂಭವ ಹೆಚ್ಚು. ಮಳೆಗಾಲದಲ್ಲಿ ಬಾಲ್ಕನಿಯಲ್ಲಿ ಇಟ್ಟ ಸೋಫಾ ನಮ್ಮ ಲೆಕ್ಕಕ್ಕೇ ನೆನೆಯುತ್ತದೆ.

ನಾಲ್ಕನೆಯದು ಅತಿ ಮುಖ್ಯವಾದುದು, ಅಂದರೆ ಒದ್ದೆ ರತ್ನಗಂಬಳಿಯ ಮೇಲೆ ಕಾಲುಗಳನ್ನು ಊರುವ ವಿಚಾರ. ಇಲ್ಲಿ ಎರಡು ಬಗೆಯ ಕಲೆಗಳು ಉಂಟಾಗುತ್ತವೆ. ಕಬ್ಬಿಣದ ಕಾಲು, ಮರದ ಕಾಲಿನ ತಳಕ್ಕೆ ಹೊಡೆದ ಮೊಳೆ ಅಥವಾ ಗುಂಡಿ ತೇವದಲ್ಲಿ ತುಕ್ಕು ಹಿಡಿದು ನೂಲಿಗೆ ಇಳಿಯುವುದು ಒಂದು. ಮರದ ಬಣ್ಣ ಮತ್ತು ಪಾಲಿಷು ಕರಗಿ ಇಳಿಯುವುದು ಇನ್ನೊಂದು. ಹೊನ್ನೆ ಮರದ ಲೋಟದಲ್ಲಿ ರಾತ್ರಿ ನೀರಿಟ್ಟರೆ ಬೆಳಗಾಗುವಷ್ಟರಲ್ಲಿ ನೀರು ಬಣ್ಣ ತಳೆಯುವುದು ನಮ್ಮಲ್ಲಿ ಅನೇಕರು ಮನೆಯಲ್ಲಿಯೇ ಕಂಡ ಸಂಗತಿ. ಮರದೊಳಗಿನ ಬಣ್ಣ ನೀರಿಗೆ ಬಿಡುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ತುಕ್ಕಿನ ಕಲೆ ಸಾಮಾನ್ಯ ಸಾಬೂನಿಗೆ ಹೋಗದು. ಆಕ್ಸಾಲಿಕ್ ಆಮ್ಲದಂತಹ ದ್ರಾವಣಗಳನ್ನು ಬಳಸಬೇಕಾಗುತ್ತದೆ, ಅವು ನೂಲಿನ ಬಣ್ಣಕ್ಕೂ ಕೈಗೂ ಹಾನಿ ಮಾಡಬಲ್ಲವು. ಮರದ ಬಣ್ಣ ಹಿಡಿದರೆ ಅನೇಕ ವೇಳೆ ಕಲೆ ಶಾಶ್ವತ.

ಇದನ್ನು ತಡೆಯುವ ಖರ್ಚು ಅತ್ಯಲ್ಪ. ಪ್ರತಿ ಕಾಲಿನ ಅಡಿಯಲ್ಲಿ ದಪ್ಪ ಪ್ಲಾಸ್ಟಿಕ್ ಬಿಲ್ಲೆ, ಅಲ್ಯೂಮಿನಿಯಂ ಹಾಳೆ ಅಥವಾ ಥರ್ಮೋಕೋಲ್ ತುಂಡನ್ನು ಇಟ್ಟರಾಯಿತು. ಭಾರವಾದ ವಸ್ತುವಿಗೆ ಎತ್ತರದ ತುಂಡು ಬೇಕು, ಗಾಳಿ ಆಡಬೇಕು. ವೃತ್ತಪತ್ರಿಕೆಯ ಹಾಳೆಯನ್ನು ಮಾತ್ರ ಬಳಸಲೇಬಾರದು. ಅದರ ಮಸಿಯೇ ಇನ್ನೊಂದು ಕಲೆಯಾಗುತ್ತದೆ. ಬಿಸಿನೀರಿನ ಹೀರು ಯಂತ್ರದಿಂದ ತೊಳೆದ ರತ್ನಗಂಬಳಿ ಒಳ್ಳೆಯ ಗಾಳಿಯಿದ್ದರೆ ಸಾಮಾನ್ಯವಾಗಿ 6ರಿಂದ 12 ಗಂಟೆಗಳಲ್ಲಿ ಒಣಗುತ್ತದೆ. ಕರಾವಳಿ, ಮಲೆನಾಡುಗಳ ಮಳೆಗಾಲದಲ್ಲಿ ಇನ್ನೂ ಹೆಚ್ಚು ಸಮಯ ಬೇಕು. ಮೇಲೆ ಕೈಯಾಡಿಸಿದಾಗ ಒಣಗಿದಂತೆ ಕಂಡರೂ ಬುಡದಲ್ಲಿ ತೇವವಿರುತ್ತದೆ. ಆದುದರಿಂದ ಕನಿಷ್ಠ ಒಂದು ಪೂರ್ಣ ದಿನ ಬಿಲ್ಲೆಗಳನ್ನು ತೆಗೆಯಬಾರದೆಂದು ಗ್ರಾಹಕರಿಗೆ ಕನ್ನಡದಲ್ಲಿ ಮುದ್ರಿಸಿದ ಚೀಟಿ ಕೊಟ್ಟು ಬರಬೇಕು.

ಐದನೆಯದಾಗಿ, ಹಳೆಯ ಮನೆಗಳ ಬೀಟೆ, ತೇಗದ ಪೀಠೋಪಕರಣಗಳಿಗೆ ಅನೇಕ ವೇಳೆ ಅರಗಿನ ಫ್ರೆಂಚ್ ಪಾಲಿಷ್ ಇರುತ್ತದೆ. ಅದರ ಮೇಲೆ ನೀರು ನಿಂತರೆ ಬಿಳಿಯ ಮಚ್ಚೆ ಬೀಳುತ್ತದೆ; ಕಲೆ ತೆಗೆಯಲು ನಾವು ಒಯ್ಯುವ ಸ್ಪಿರಿಟ್ ತಗುಲಿದರೆ ಪಾಲಿಷೇ ಕರಗುತ್ತದೆ. ದ್ರಾವಣದ ಸೀಸೆಗಳನ್ನು ಮೇಜಿನ ಮೇಲೆ ಇಡಬಾರದೆಂಬ ಒಂದೇ ನಿಯಮ ಅನೇಕ ದೂರುಗಳನ್ನು ತಪ್ಪಿಸಬಲ್ಲದು.

ಜಮಖಾನೆಗಳ ವಿಷಯದಲ್ಲಿ ಸಮಸ್ಯೆ ಕಡಿಮೆ. ಭೌಗೋಳಿಕ ಗುರುತು ಪಡೆದಿರುವ ಧಾರವಾಡ ಜಿಲ್ಲೆಯ ನವಲಗುಂದದ ಹತ್ತಿಯ ಜಮಖಾನೆಯಂತಹವುಗಳನ್ನು ಮಡಚಿ ಹೊರಗೆ ಒಯ್ಯಬಹುದು. ಪೀಠೋಪಕರಣವನ್ನು ಒದ್ದೆ ನೆಲದ ಮೇಲೆ ಮರಳಿ ಇಡುವ ಪ್ರಮೇಯವಿಲ್ಲ. ಗೋಡೆಯಿಂದ ಗೋಡೆಗೆ ಅಂಟಿಸಿದ ಹಾಸುಗಳಲ್ಲಿಯೇ ಮೇಲಿನ ಎಲ್ಲ ಎಚ್ಚರಗಳೂ ಬೇಕು.

4. ಕಾನೂನಿನ ದೃಷ್ಟಿ

ಭಾರತೀಯ ಕರಾರು ಕಾಯ್ದೆ 1872ರ 148ನೆಯ ಕಲಮು, ಬೈಲ್‌ಮೆಂಟ್ ಎಂದು ಕರೆಯಲಾಗುವ ನಿಕ್ಷೇಪದ ವ್ಯಾಖ್ಯೆಯನ್ನು ಕೊಡುತ್ತದೆ. ಒಬ್ಬನು ಒಂದು ಉದ್ದೇಶಕ್ಕಾಗಿ ತನ್ನ ವಸ್ತುವನ್ನು ಇನ್ನೊಬ್ಬನ ವಶಕ್ಕೆ ಒಪ್ಪಿಸಿ, ಉದ್ದೇಶ ಮುಗಿದ ಮೇಲೆ ಮರಳಿ ಕೊಡಬೇಕೆಂಬ ಕರಾರು ಇದ್ದರೆ ಅದು ನಿಕ್ಷೇಪ. ರತ್ನಗಂಬಳಿಯನ್ನು ನಮ್ಮ ಕಾರ್ಯಾಗಾರಕ್ಕೆ ಒಯ್ದರೆ ಅದು ನಿಸ್ಸಂದೇಹವಾಗಿ ನಿಕ್ಷೇಪ. ಗ್ರಾಹಕರು ಮನೆಯಲ್ಲಿಯೇ ಇರುವಾಗ ಅವರ ಮೇಜನ್ನು ಆ ಮೂಲೆಯಿಂದ ಈ ಮೂಲೆಗೆ ಇಟ್ಟರೆ ವಶ ನಮಗೆ ಬಂದಿತೇ ಎಂಬುದು ವಾದಕ್ಕೆ ಅವಕಾಶವಿರುವ ಪ್ರಶ್ನೆ. ಕೀಲಿಕೈ ಕೊಟ್ಟು ಹೊರಗೆ ಹೋದರೆ ನಮ್ಮ ಹೊಣೆ ಹೆಚ್ಚು ಸ್ಪಷ್ಟ. ಆದರೆ ಈ ಸೂಕ್ಷ್ಮದ ಮೇಲೆ ಭರವಸೆ ಇಡಬೇಡಿ. ನಿಕ್ಷೇಪವಲ್ಲದಿದ್ದರೂ ಅಲಕ್ಷ್ಯದ ಹೊಣೆ ತಪ್ಪುವುದಿಲ್ಲ. ಉದ್ಯಮಿಗಳು ನೆನಪಿಡಬೇಕಾದ ಕಲಮುಗಳು ಇವು:

151 ಮತ್ತು 152ನೆಯ ಕಲಮುಗಳು: ಸಾಮಾನ್ಯ ವಿವೇಕವುಳ್ಳ ವ್ಯಕ್ತಿಯು ಅದೇ ಗಾತ್ರ, ಗುಣ, ಮೌಲ್ಯದ ತನ್ನ ಸ್ವಂತ ವಸ್ತುವಿನ ಬಗ್ಗೆ ವಹಿಸುವಷ್ಟು ಎಚ್ಚರವನ್ನು ವಹಿಸಬೇಕು. ಅಷ್ಟು ಎಚ್ಚರ ವಹಿಸಿದ್ದು ಸಿದ್ಧವಾದರೆ, ಬೇರೆ ವಿಶೇಷ ಕರಾರು ಇಲ್ಲದಿದ್ದಲ್ಲಿ, ನಷ್ಟಕ್ಕೆ ಹೊಣೆಯಿಲ್ಲ. ಇಲ್ಲಿ 'ಸಿದ್ಧವಾದರೆ' ಎಂಬ ಶಬ್ದವೇ ಮುಖ್ಯ; ದಾಖಲೆಯಿಲ್ಲದ ಎಚ್ಚರವನ್ನು ಸಿದ್ಧಪಡಿಸುವುದು ಕಷ್ಟ.

150ನೆಯ ಕಲಮು: ತನಗೆ ತಿಳಿದಿರುವ, ಅಪಾಯಕ್ಕೆ ಕಾರಣವಾಗಬಲ್ಲ ದೋಷಗಳನ್ನು ವಸ್ತುವಿನ ಒಡೆಯನು ತಿಳಿಸಬೇಕು. ಬೀರುವಿನ ಹಿಂದಿನ ಕಾಲು ಮುರಿದು ಇಟ್ಟಿಗೆಯ ಮೇಲೆ ನಿಂತಿದ್ದರೆ ಅದನ್ನು ಹೇಳುವುದು ಗ್ರಾಹಕರ ಕರ್ತವ್ಯ. ಕೇಳುವುದು ನಮ್ಮ ಜಾಣತನ.

154ನೆಯ ಕಲಮು: ಒಪ್ಪಿದ ಉದ್ದೇಶಕ್ಕಲ್ಲದೆ ಬೇರೆ ರೀತಿಯಲ್ಲಿ ವಸ್ತುವನ್ನು ಬಳಸಿ ಹಾನಿಯಾದರೆ ಪರಿಹಾರ ಕೊಡಬೇಕು. ಪರದೆ ಬಿಚ್ಚಲು ಗ್ರಾಹಕರ ಊಟದ ಕುರ್ಚಿಯ ಮೇಲೆ ಹತ್ತುವ ನೌಕರ ಈ ಕಲಮಿನ ಉದಾಹರಣೆಯಂತಿದ್ದಾನೆ. ಏಣಿಯನ್ನು ನಾವೇ ಒಯ್ಯಬೇಕು.

71ನೆಯ ಕಲಮು: ಬೇರೊಬ್ಬರ ಕಳೆದ ವಸ್ತು ಸಿಕ್ಕು, ಅದನ್ನು ವಶಕ್ಕೆ ತೆಗೆದುಕೊಂಡವನಿಗೆ ನಿಕ್ಷೇಪ ಪಡೆದವನಷ್ಟೇ ಹೊಣೆ. ಸೋಫಾ ಸರಿಸಿದಾಗ ಅಡಿಯಲ್ಲಿ ನಾಣ್ಯ, ಓಲೆ, ಉಂಗುರ ಸಿಗುವುದು ಈ ವೃತ್ತಿಯಲ್ಲಿ ನಿತ್ಯದ ಅನುಭವ. ಸಿಕ್ಕ ಕ್ಷಣದಲ್ಲಿಯೇ ಮನೆಯವರನ್ನು ಕರೆದು, ಅವರ ಕೈಗೆ ಕೊಟ್ಟು, ಚೀಟಿಯಲ್ಲಿ ಬರೆಯಬೇಕು. ಸಂಜೆಯವರೆಗೆ ಜೇಬಿನಲ್ಲಿ ಇಟ್ಟುಕೊಳ್ಳುವ ಪ್ರಾಮಾಣಿಕ ನೌಕರನೂ ಸಂಶಯಕ್ಕೆ ಗುರಿಯಾಗುತ್ತಾನೆ.

170ನೆಯ ಕಲಮು: ವಸ್ತುವಿನ ಮೇಲೆ ಶ್ರಮ ಅಥವಾ ಕೌಶಲ ವಿನಿಯೋಗಿಸಿದವನು ಅದರ ಪ್ರತಿಫಲ ಬರುವವರೆಗೆ ಆ ವಸ್ತುವನ್ನು ತಡೆಹಿಡಿಯಬಹುದು. ಕಾರ್ಯಾಗಾರದಲ್ಲಿ ತೊಳೆದ ರತ್ನಗಂಬಳಿಗೆ ಈ ಹಕ್ಕು ಅನ್ವಯಿಸುತ್ತದೆ. ಜೊತೆಗೆ ಸಾಗಿಸಿದ ಮೇಜು, ಕುರ್ಚಿಗಳ ಮೇಲೆ ನಾವು ಯಾವ ಕೌಶಲವನ್ನೂ ವಿನಿಯೋಗಿಸಿಲ್ಲವಾದ್ದರಿಂದ ಬಿಲ್ಲು ಬಾಕಿಗಾಗಿ ಅವುಗಳನ್ನು ಹಿಡಿದಿಡಲು ಹೋಗಬಾರದು.

ಗೃಹಬಳಕೆಯ ಗ್ರಾಹಕರಿಗೆ ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ರಕ್ಷಣೆಯೂ ಉಂಟು. ಈ ಕಾಯ್ದೆಯು 1986ರ ಕಾಯ್ದೆಯ ಸ್ಥಾನದಲ್ಲಿ 2020ರಲ್ಲಿ ಜಾರಿಗೆ ಬಂದಿತು. ಸೇವೆ ನೀಡುವವರ ಅಲಕ್ಷ್ಯದಿಂದ ಗ್ರಾಹಕರಿಗೆ ಉಂಟಾಗುವ ನಷ್ಟವು 'ಸೇವಾ ನ್ಯೂನತೆ'ಯ ವ್ಯಾಖ್ಯೆಯಲ್ಲಿಯೇ ಸೇರಿದೆ. ದೂರು ನೀಡಲು ಎರಡು ವರ್ಷಗಳ ಕಾಲಾವಕಾಶವಿದೆ. ಆದುದರಿಂದ ಛಾಯಾಚಿತ್ರಗಳನ್ನೂ ಚೀಟಿಗಳನ್ನೂ ಅಷ್ಟು ಕಾಲವಾದರೂ ಕಾಪಾಡಬೇಕು. ಬಿಲ್ಲಿನ ಹಿಂಬದಿಯಲ್ಲಿ ಸಣ್ಣ ಅಕ್ಷರಗಳಲ್ಲಿ 'ಯಾವುದೇ ಹಾನಿಗೆ ನಾವು ಜವಾಬ್ದಾರರಲ್ಲ' ಎಂದು ಮುದ್ರಿಸಿ ನಿಶ್ಚಿಂತರಾಗಿರುವುದು ಸರಿಯಲ್ಲ. ಅನ್ಯಾಯದ ಕರಾರು ಎಂಬ ಪರಿಕಲ್ಪನೆಯನ್ನು 2019ರ ಕಾಯ್ದೆ ಪ್ರತ್ಯೇಕವಾಗಿ ಗುರುತಿಸಿದೆ. ಹೊಣೆಯನ್ನು ಪೂರ್ತಿ ನಿರಾಕರಿಸುವ ವಾಕ್ಯಕ್ಕಿಂತ, ಯಾವುದಕ್ಕೆ ಹೊಣೆ, ಯಾವುದಕ್ಕೆ ಇಲ್ಲ ಎಂದು ಬಿಡಿಸಿ ಹೇಳಿ ಗ್ರಾಹಕರ ಸಹಿ ಪಡೆದ ಚೀಟಿಗೆ ಹೆಚ್ಚು ಬೆಲೆಯಿದೆ.

5. ನೌಕರನ ಮಾತು

ಮೊದಲು ಹೇಳಿದ ಘಟನೆಯಲ್ಲಿ ನನಗೆ ಬಹಳ ದಿನ ಮನಸ್ಸಿನಲ್ಲಿ ಉಳಿದ ಸಂಗತಿಯೊಂದಿದೆ. ಬೀಟೆ ಮೇಜಿನ ಚಿತ್ತಾರ ಕಿತ್ತಿರುವುದನ್ನು ಎತ್ತುವ ಮೊದಲೇ ಆ ಹುಡುಗ ನೋಡಿದ್ದನಂತೆ. 'ಆಗಲೇ ಏಕೆ ಹೇಳಲಿಲ್ಲ?' ಎಂದು ಕೇಳಿದೆ. 'ಹೇಳಿದರೆ ನಾನೇ ಮುರಿದೆ ಎನ್ನುತ್ತಾರೆ, ಸಂಬಳದಲ್ಲಿ ಹಿಡಿಯುತ್ತಾರೆ' ಎಂದ. ಅದಕ್ಕಿಂತ ಮುಂಚೆ ಒಡೆದ ಒಂದು ಹೂದಾನಿಯ ಬೆಲೆಯನ್ನು ಇನ್ನೊಬ್ಬ ನೌಕರನ ಸಂಬಳದಿಂದ ಮುರಿದುಕೊಂಡಿದ್ದರೆಂದು ಬಳಿಕ ತಿಳಿಯಿತು. ನೂರಾರು ರೂಪಾಯಿ ಉಳಿಸಲು ಹೋಗಿ, ಸಾವಿರಾರು ರೂಪಾಯಿ ಬೆಲೆಬಾಳುವ ಮಾಹಿತಿಯನ್ನು ಮಾಲೀಕರು ಕಳೆದುಕೊಂಡಿದ್ದರು.

ಸಂಬಳದಲ್ಲಿ ಕಡಿತ ಮಾಡುವ ಅಧಿಕಾರಕ್ಕೆ ಕಾನೂನು ಮಿತಿಗಳನ್ನು ಹಾಕಿದೆ. ನೌಕರನ ವಶಕ್ಕೆ ಸ್ಪಷ್ಟವಾಗಿ ಒಪ್ಪಿಸಿದ ವಸ್ತು ಅವನ ಅಲಕ್ಷ್ಯದಿಂದಲೇ ನಷ್ಟವಾದಾಗ ಮಾತ್ರ, ಅವನಿಗೆ ವಿವರಣೆ ನೀಡಲು ಅವಕಾಶ ಕೊಟ್ಟ ಬಳಿಕ, ಆದ ನಷ್ಟಕ್ಕೆ ಮೀರದಂತೆ ಕಡಿತ ಮಾಡಬಹುದೆಂಬುದು 1936ರ ವೇತನ ಪಾವತಿ ಕಾಯ್ದೆಯಲ್ಲಿದ್ದ ತತ್ವ. 2019ರ ವೇತನ ಸಂಹಿತೆಯೂ ಅದನ್ನೇ ಮುಂದುವರಿಸಿದೆ. ಕಾನೂನಿನ ಮಾತು ಹಾಗಿರಲಿ, ವ್ಯವಹಾರದ ದೃಷ್ಟಿಯಿಂದಲೂ ಒಂದು ನಿಯಮ ಇಟ್ಟುಕೊಳ್ಳುವುದು ಲೇಸು: ಆದ ಹಾನಿಯನ್ನು ಆ ಕ್ಷಣವೇ ತಿಳಿಸಿದವನಿಗೆ ಕಡಿತವಿಲ್ಲ. ಭಾರ ಎತ್ತುವಾಗ ನೌಕರನ ಬೆನ್ನಿಗೆ, ಬೆರಳಿಗೆ ಪೆಟ್ಟಾದರೆ ಅದೂ ಮಾಲೀಕರ ಹೊಣೆಯೇ ಎಂಬುದನ್ನು ಮರೆಯಬಾರದು. ಬೀರುವಿಗೆ ಇಬ್ಬರು ಬೇಕೆಂದರೆ ಇಬ್ಬರೇ ಬೇಕು.

6. ವಿಮೆ

ಅನೇಕರು 'ನಮ್ಮಲ್ಲಿ ಪಬ್ಲಿಕ್ ಲಯಬಿಲಿಟಿ ಪಾಲಿಸಿ ಇದೆ' ಎಂದು ಧೈರ್ಯವಾಗಿರುತ್ತಾರೆ. ಪಾಲಿಸಿಯ ಹೊರತುಗಳ ಪುಟವನ್ನು ಓದಬೇಕು. ವಿಮೆ ಪಡೆದವರ ವಶ, ಪಾಲನೆ ಅಥವಾ ನಿಯಂತ್ರಣದಲ್ಲಿರುವ ಪರರ ಆಸ್ತಿಗೆ ಆಗುವ ಹಾನಿಯನ್ನು ಇಂತಹ ಪಾಲಿಸಿಗಳು ಸಾಮಾನ್ಯವಾಗಿ ಹೊರಗಿಡುತ್ತವೆ. ಎಂದರೆ, ನಮ್ಮ ಯಂತ್ರದ ಕೊಳವೆಗೆ ಕಾಲು ತಾಗಿ ಪಕ್ಕದ ಮನೆಯವರು ಬಿದ್ದರೆ ರಕ್ಷಣೆ ಸಿಗಬಹುದು. ನಾವು ಎತ್ತಿ ಹಿಡಿದಿದ್ದ ಮೇಜಿಗೆ ಸಿಗದಿರಬಹುದು. ಈ ರಕ್ಷಣೆಯನ್ನು ಹೆಚ್ಚುವರಿಯಾಗಿ ಸೇರಿಸಲು ಸಾಧ್ಯವೇ, ಪ್ರತಿ ಘಟನೆಯಲ್ಲಿ ನಾವೇ ಭರಿಸಬೇಕಾದ ಮೊತ್ತವೆಷ್ಟು ಎಂಬ ಎರಡು ಪ್ರಶ್ನೆಗಳನ್ನು ವಿಮಾ ಕಂಪನಿಗೆ ಲಿಖಿತವಾಗಿ ಕೇಳಿ, ಲಿಖಿತ ಉತ್ತರ ಪಡೆಯಿರಿ. 1991ರ ಸಾರ್ವಜನಿಕ ಹೊಣೆ ವಿಮಾ ಕಾಯ್ದೆಯ ಹೆಸರು ಇದರಂತೆಯೇ ಕೇಳಿಸಿದರೂ ಅದು ಅಪಾಯಕಾರಿ ವಸ್ತುಗಳ ಅವಘಡಗಳಿಗೆ ಸಂಬಂಧಿಸಿದ್ದು, ನಮ್ಮ ವಿಷಯವಲ್ಲ.

7. ಹಾನಿಯಾದ ಮೇಲೆ

ಹಾನಿ ಸಂಭವಿಸಿದರೆ ಕೆಲಸ ನಿಲ್ಲಿಸಿ, ಗ್ರಾಹಕರಿಗೆ ತಿಳಿಸಿ, ಛಾಯಾಚಿತ್ರ ತೆಗೆಯಬೇಕು. ತುಣುಕುಗಳನ್ನು ಎಸೆಯಬಾರದು. ಸ್ಥಳದಲ್ಲಿಯೇ ಮೊತ್ತವನ್ನು ಒಪ್ಪಿಕೊಳ್ಳಲೂ ಬಾರದು, ತಪ್ಪನ್ನು ನಿರಾಕರಿಸಲೂ ಬಾರದು. ನುರಿತ ಬಡಗಿ ಅಥವಾ ಪಾಲಿಷ್ ಕೆಲಸದವರಿಂದ ದುರಸ್ತಿಯ ಅಂದಾಜು ಪಡೆಯಬೇಕು. ಬಹಳಷ್ಟು ಹಾನಿ ದುರಸ್ತಿಯಲ್ಲಿಯೇ ಪರಿಹಾರವಾಗುತ್ತದೆ. ದುರಸ್ತಿಯಾಗದಿದ್ದರೆ ವಸ್ತುವಿನ ಅಂದಿನ ಮೌಲ್ಯವೇ ಆಧಾರ. ಹಳೆಯ ಸೋಫಾಕ್ಕೆ ಹೊಸದರ ಬೆಲೆ ಕೊಡಬೇಕಾಗಿಲ್ಲ. ಹಳೆಯದೆಲ್ಲ ಅಗ್ಗವೆಂದೂ ಭಾವಿಸಬಾರದು. ಬೀಟೆಯ ಕೆತ್ತನೆಯ ಕೆಲಸಕ್ಕೆ ವಯಸ್ಸಾದಷ್ಟೂ ಬೆಲೆ ಏರುವುದುಂಟು. ಹಣ ಕೊಡುವಾಗ 'ಈ ಹಾನಿಯ ಸಂಬಂಧದ ಪೂರ್ಣ ಹಾಗೂ ಅಂತಿಮ ಪರಿಹಾರ' ಎಂಬ ಒಕ್ಕಣೆಯ ರಸೀದಿಯನ್ನು ಪಡೆಯತಕ್ಕದ್ದು.

8. ಲೆಕ್ಕಪತ್ರಗಳಲ್ಲಿ ದಾಖಲಿಸುವ ಬಗೆ

ವ್ಯವಹಾರದ ಸಹಜ ನಡವಳಿಕೆಯಲ್ಲಿ ಗ್ರಾಹಕರಿಗೆ ಕೊಟ್ಟ ಪರಿಹಾರವು ಸಾಮಾನ್ಯವಾಗಿ ವ್ಯವಹಾರದ ವೆಚ್ಚವೇ. ಆದಾಯ ತೆರಿಗೆಯಲ್ಲಿ ಅದನ್ನು ಕಳೆಯಬೇಕಾದರೆ ದೂರಿನ ಪ್ರತಿ, ಛಾಯಾಚಿತ್ರ, ಅಂದಾಜು, ರಸೀದಿ ಇವು ಇರಬೇಕು. ಒಬ್ಬರಿಗೆ ಒಂದೇ ದಿನ 10,000 ರೂಪಾಯಿ ಮೀರಿ ನಗದಾಗಿ ಕೊಟ್ಟ ವೆಚ್ಚವನ್ನು ತೆರಿಗೆಯಲ್ಲಿ ಸಾಮಾನ್ಯವಾಗಿ ಒಪ್ಪುವುದಿಲ್ಲ. ನನ್ನ ಕಕ್ಷಿದಾರರು 18,500 ರೂಪಾಯಿಯನ್ನು ನಗದಾಗಿ, ರಸೀದಿಯಿಲ್ಲದೆ ಕೊಟ್ಟಿದ್ದರಿಂದ ಆ ವೆಚ್ಚವನ್ನು ಕೈಬಿಡಬೇಕಾಯಿತು. ನಷ್ಟದ ಮೇಲೆ ತೆರಿಗೆಯನ್ನೂ ತೆತ್ತಂತಾಯಿತು. ಬ್ಯಾಂಕಿನ ಮೂಲಕವೇ ಪಾವತಿಸಿ.

ಮಾರ್ಚ್ 31ರಂದು ಇತ್ಯರ್ಥವಾಗದ ದೂರು ಇದ್ದರೆ, ಲೆಕ್ಕಪತ್ರ ಮಾನಕ 29ರ ಪ್ರಕಾರ ಮೂರು ಅಂಶಗಳನ್ನು ನೋಡಬೇಕು: ಹಿಂದಿನ ಘಟನೆಯಿಂದ ಹೊಣೆ ಉಂಟಾಗಿದೆಯೇ, ಹಣ ಹೊರಹೋಗುವ ಸಂಭವ ಹೆಚ್ಚೇ, ಮೊತ್ತವನ್ನು ವಿಶ್ವಾಸಾರ್ಹವಾಗಿ ಅಂದಾಜಿಸಬಹುದೇ. ಮೂರೂ ಇದ್ದರೆ ಆ ಮೊತ್ತವನ್ನು ತೆಗೆದಿರಿಸಬೇಕು. ಪ್ರತಿ ಕೆಲಸದಿಂದ 50 ರೂಪಾಯಿಯಂತೆ ಆಪತ್ತಿಗೆಂದು ಎತ್ತಿಡುವುದು ಒಳ್ಳೆಯ ಅಭ್ಯಾಸ. ತಿಂಗಳಿಗೆ 20 ಕೆಲಸಗಳಾದರೆ ವರ್ಷಕ್ಕೆ 12,000 ರೂಪಾಯಿ ಕೂಡುತ್ತದೆ. ಆದರೆ ಅದು ನಮ್ಮದೇ ಉಳಿತಾಯ, ತೆರಿಗೆಯಲ್ಲಿ ಕಳೆಯಬಹುದಾದ ವೆಚ್ಚವಲ್ಲ.

ಸರಕು ಮತ್ತು ಸೇವಾ ತೆರಿಗೆಯಡಿ ನೋಂದಾಯಿತರಾದವರು ಪೀಠೋಪಕರಣ ಸರಿಸುವ ಶುಲ್ಕವನ್ನು ಅದೇ ಬಿಲ್ಲಿನಲ್ಲಿ ಪ್ರತ್ಯೇಕ ಸಾಲಾಗಿ ತೋರಿಸಬಹುದು; ಅದು ಮುಖ್ಯ ಸೇವೆಗೆ ಅಂಗವಾದುದರಿಂದ ಮುಖ್ಯ ಸೇವೆಯ ತೆರಿಗೆ ದರವೇ ಅದಕ್ಕೂ ಅನ್ವಯಿಸುತ್ತದೆ. ಪರಿಹಾರದ ಮೊತ್ತವನ್ನು ಬಿಲ್ಲಿನಲ್ಲಿ ರಿಯಾಯಿತಿಯೆಂದು ತೋರಿಸಿ ಬೆರೆಸಬಾರದು. ಬಿಲ್ಲು ಬಿಲ್ಲಾಗಿರಲಿ, ಪರಿಹಾರ ಪರಿಹಾರವಾಗಿರಲಿ.

9. ಚೀಟಿಯ ನಮೂನೆ

ಕೆಳಗಿನ ಅಂಶಗಳನ್ನು ಒಂದೇ ಪುಟದಲ್ಲಿ, ಕನ್ನಡದಲ್ಲಿ, ಎರಡು ಪ್ರತಿಗಳಲ್ಲಿ ಮುದ್ರಿಸಿಟ್ಟುಕೊಳ್ಳಬಹುದು:

1) ದಿನಾಂಕ, ವೇಳೆ, ವಿಳಾಸ, ಕೋಣೆ.
2) ಸರಿಸಬೇಕಾದ ವಸ್ತುಗಳ ಪಟ್ಟಿ, ಪ್ರತಿಯೊಂದರ ಎದುರು ಈಗಿರುವ ದೋಷ.
3) ಸರಿಸುವವರು: ಗ್ರಾಹಕರು ಅಥವಾ ನಾವು, ಶುಲ್ಕ.
4) ಸರಿಸದೆ ಬಿಡುವ ವಸ್ತುಗಳು, ಅಳತೆಯಿಂದ ಕಳೆದ ಜಾಗ.
5) ತಮಗೆ ತಿಳಿದ ಸಡಿಲ ಅಥವಾ ಮುರಿದ ಭಾಗಗಳನ್ನು ತಿಳಿಸಿರುವುದಾಗಿ ಗ್ರಾಹಕರ ಹೇಳಿಕೆ.
6) ಸಾಮಾನು ಸರಿಸುವಾಗ ಸಿಕ್ಕ ವಸ್ತುಗಳು; ಪಡೆದವರ ಸಹಿ.
7) ಕಾಲುಗಳ ಅಡಿಯಲ್ಲಿಟ್ಟ ಬಿಲ್ಲೆಗಳ ಸಂಖ್ಯೆ; ತೆಗೆಯಬಹುದಾದ ದಿನ ಮತ್ತು ವೇಳೆ.
8) ಕೆಲಸದ ಮೊದಲು ಮತ್ತು ನಂತರ ಇಬ್ಬರ ಸಹಿ.

ಇದನ್ನು ತುಂಬಲು ಹತ್ತು ನಿಮಿಷ ಹಿಡಿಯುತ್ತದೆ. ಗ್ರಾಹಕರು ಬೇಸರಪಡುವರೆಂಬ ಅಂಜಿಕೆ ನನ್ನ ಕಕ್ಷಿದಾರರಿಗೂ ಇತ್ತು. ಆದರೆ ತಮ್ಮ ಸಾಮಾನುಗಳನ್ನು ಒಬ್ಬರು ಇಷ್ಟು ಆಸ್ಥೆಯಿಂದ ನೋಡಿ ಬರೆದುಕೊಳ್ಳುವುದನ್ನು ಕಂಡು ಗ್ರಾಹಕರಿಗೆ ನಂಬಿಕೆಯೇ ಹೆಚ್ಚಿತು. ಕಳೆದ ವರ್ಷ ಒಂದು ದೂರು ಬಂದಿತ್ತು. ಷೋಕೇಸಿನ ಗಾಜಿನಲ್ಲಿ ಬಿರುಕು. ಚೀಟಿಯ ಎರಡನೆಯ ಸಾಲಿನಲ್ಲಿ ಆ ಬಿರುಕು ಮೊದಲೇ ನಮೂದಾಗಿತ್ತು, ಮನೆಯ ಯಜಮಾನರ ಸಹಿಯೂ ಇತ್ತು. ಅವರೇ ನಕ್ಕು, ಮರೆತಿದ್ದೆನೆಂದು ಹೇಳಿ ಬಿಲ್ಲು ಪಾವತಿಸಿದರು. ಆ ಸಾಲನ್ನು ಬರೆದವನು ಅಂದು ಬೀಟೆ ಮೇಜಿನ ವಿಷಯವನ್ನು ಹೇಳಲು ಹೆದರಿದ್ದ ಅದೇ ಹುಡುಗ.

ವಾಚಕರು ಈ ನಮೂನೆಯನ್ನು ತಮ್ಮ ತಮ್ಮ ವೃತ್ತಿಗೆ ತಕ್ಕಂತೆ ಬದಲಿಸಿಕೊಂಡು, ಬಳಕೆಗೆ ಮುನ್ನ ತಮ್ಮ ಲೆಕ್ಕ ಪರಿಶೋಧಕರಿಗೂ ವಕೀಲರಿಗೂ ಒಮ್ಮೆ ತೋರಿಸುವುದು ಸೂಕ್ತ.